ವಾರಾನ್ನ, ಪ್ರಸಾದ ನಿಲಯ, ಪಿಗ್ಮಿ: ವೈದ್ಯ ವಿದ್ಯಾರ್ಥಿಯ ಖರ್ಚಿನ ಚರಿತ್ರೆ

ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಅದಕ್ಕೆ ಮೊದಲು ವೈದ್ಯ ಪದವಿಯನ್ನು ಬಯಸಿದವರು ಮದರಾಸಿಗೋ ಮುಂಬಯಿಗೋ ಹೋಗಬೇಕಾಗಿದ್ದುದರಿಂದ, ಸರ್ಕಾರದ ವಿದ್ಯಾರ್ಥಿವೇತನವಾಗಲಿ ಅನುಕೂಲವಂತ ಮನೆತನವಾಗಲಿ ಬೆನ್ನಿಗಿಲ್ಲದವರಿಗೆ ಆ ದಾರಿ ಮುಚ್ಚಿದಂತೆಯೇ ಇತ್ತು. ಕಾಲೇಜು ನಾಡಿನೊಳಗೇ ಬಂದ ಮೇಲೂ ಹಳ್ಳಿಯ ಹುಡುಗನ ಮುಂದಿದ್ದ ಮೊದಲ ಪ್ರಶ್ನೆ ಶುಲ್ಕದ್ದಲ್ಲ, ಊಟದ್ದು. ಶುಲ್ಕವನ್ನು ವರ್ಷಕ್ಕೊಮ್ಮೆ ಸಾಲಸೋಲ ಮಾಡಿ ಕಟ್ಟಬಹುದಾಗಿತ್ತು. ಊಟವಾದರೋ ದಿನಕ್ಕೆರಡು ಬಾರಿ ಒದಗಬೇಕಾದ ಖರ್ಚು.

ಈ ಖರ್ಚನ್ನು ನೀಗಿಸಲು ಹಳೆಯ ಮೈಸೂರಿನ ಪಟ್ಟಣಗಳಲ್ಲಿ ಬಹುಕಾಲದಿಂದ ನಡೆದುಬಂದಿದ್ದ ಏರ್ಪಾಟು ವಾರಾನ್ನ. ಬಡ ವಿದ್ಯಾರ್ಥಿಯು ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದರಲ್ಲಿ, ಹೀಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ಪದ್ಧತಿಯಿದು. ಕೊಡುವವರಿಗೆ ಇದು ಪುಣ್ಯದ ಕೆಲಸವಾಗಿತ್ತು. ಉಣ್ಣುವವನು ಆ ಮನೆಯ ಮಕ್ಕಳಿಗೆ ಪಾಠ ಹೇಳುವುದೋ ಪೇಟೆಯಿಂದ ಸಾಮಾನು ತಂದುಕೊಡುವುದೋ ಮಾಡಿ ಋಣವನ್ನು ಹಗುರಮಾಡಿಕೊಳ್ಳುತ್ತಿದ್ದನು. ಗೊತ್ತಾದ ಮನೆಯಲ್ಲಿ ಸೂತಕ ಬಂದರೆ ಅಥವಾ ಮನೆಯವರು ಪರಸ್ಥಳಕ್ಕೆ ಹೋದರೆ ಆ ದಿನ ಉಪವಾಸವೇ ಗತಿ. ವೈದ್ಯ ವಿದ್ಯಾರ್ಥಿಗೆ ಈ ಏರ್ಪಾಟು ಇನ್ನಷ್ಟು ಇಕ್ಕಟ್ಟಿನದು: ಅವನ ಓದು ಉಳಿದವರದಕ್ಕಿಂತ ದೀರ್ಘವಾದದ್ದು, ಶವಚ್ಛೇದನದ ತರಗತಿಯೂ ವಾರ್ಡಿನ ಕೆಲಸವೂ ಗೃಹಸ್ಥರ ಊಟದ ಹೊತ್ತನ್ನು ಕಾಯುವಂಥವಲ್ಲ, ಹೆಣವನ್ನು ಮುಟ್ಟಿ ಬಂದವನ ಮಡಿಮೈಲಿಗೆಯ ಪ್ರಶ್ನೆಯೂ ಸಂಪ್ರದಾಯಸ್ಥರ ಮನೆಯಲ್ಲಿ ಏಳದೆ ಇರುವಂತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ವಾರಾನ್ನವು ಬಹುಪಾಲು ಬ್ರಾಹ್ಮಣ ಮನೆಗಳ ಪದ್ಧತಿಯಾಗಿದ್ದು, ಅದರ ಆಸರೆ ಆ ಜಾತಿಯ ಗಂಡುಹುಡುಗರನ್ನು ದಾಟಿ ಹೋದದ್ದು ತೀರ ಅಪರೂಪ. ಅದರಿಂದ ಅನೇಕರ ಬಾಳು ಬೆಳಗಿತೆಂಬುದು ನಿಜ. ಅದರ ಬಾಗಿಲು ಬಹುಜನಕ್ಕೆ ಮುಚ್ಚಿತ್ತೆಂಬುದೂ ಅಷ್ಟೇ ನಿಜ, ಮತ್ತು ಎರಡನೆಯದನ್ನು ಮರೆತು ಮೊದಲನೆಯದನ್ನು ಹೊಗಳುವುದು ಚರಿತ್ರೆಗೆ ಮಾಡುವ ಅನ್ಯಾಯ.

ಆ ಮುಚ್ಚಿದ ಬಾಗಿಲಿಗೆ ಉತ್ತರವಾಗಿ ಹುಟ್ಟಿಕೊಂಡವು ಉಚಿತ ವಿದ್ಯಾರ್ಥಿನಿಲಯಗಳು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದಂಥ ಸಂಸ್ಥೆಗಳು ತಮ್ಮ ಸಮುದಾಯದ ಮಕ್ಕಳ ವಸತಿಯನ್ನು ಮುಖ್ಯ ಕಾರ್ಯವೆಂದು ಕೈಗೆತ್ತಿಕೊಂಡವು. ಧಾರವಾಡದ ಮುರುಘಾಮಠವೂ ತುಮಕೂರಿನ ಬಳಿಯ ಸಿದ್ಧಗಂಗಾ ಮಠವೂ ಅನ್ನದೊಡನೆ ಅಕ್ಷರವನ್ನು ನೀಡಿದವು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಮಠದ ವಿದ್ಯಾರ್ಥಿನಿಲಯವನ್ನು ಪ್ರಸಾದ ನಿಲಯವೆಂದು ಕರೆಯುವ ರೂಢಿಯಿದ್ದು, ಅಲ್ಲಿ ಉಣ್ಣುವ ಅನ್ನ ಯಾರದೋ ಮನೆಯ ದಯೆಯಾಗಿರದೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಸಲ್ಲುವ ಪಾಲಾಗಿತ್ತು. ರೈತರು ಸುಗ್ಗಿಯಲ್ಲಿ ಮಠಕ್ಕೆ ಕೊಟ್ಟ ರಾಗಿ, ಜೋಳ, ಬೇಳೆಗಳೇ ಈ ನಿಲಯಗಳ ಮೂಲಧನ. ಆದ್ದರಿಂದ ಇಲ್ಲಿ ಓದಿ ವೈದ್ಯನಾದವನ ಶಿಕ್ಷಣದಲ್ಲಿ ಅವನು ಎಂದೂ ಕಾಣದ ನೂರಾರು ಹೊಲಗಳ ಫಸಲು ಸೇರಿದೆಯೆಂದು ಹೇಳಬೇಕು. ಅದೇ ಸುತ್ತೂರು ಪರಂಪರೆಯ ವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನೇ ಆರಂಭಿಸಿತು.

ಊಟ ವಸತಿಗಳ ಆಚೆಗಿನ ಖರ್ಚನ್ನು ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಹಂಚಿಕೊಂಡರು. ಅಂಗರಚನಾಶಾಸ್ತ್ರದ, ಎಂದರೆ ದೇಹದ ಭಾಗಗಳ ರಚನೆಯನ್ನು ತಿಳಿಸುವ ಶಾಸ್ತ್ರದ, ಅಭ್ಯಾಸಕ್ಕೆ ಬೇಕಾದ ಮೂಳೆಗಳ ಪೆಟ್ಟಿಗೆಯನ್ನು ಹಿರಿಯ ವಿದ್ಯಾರ್ಥಿಯಿಂದ ಅರ್ಧ ಬೆಲೆಗೆ ಕೊಂಡು, ಪರೀಕ್ಷೆ ಮುಗಿದ ಕೂಡಲೇ ಕಿರಿಯನಿಗೆ ಮಾರುವುದು ವೈದ್ಯಕೀಯ ಕಾಲೇಜುಗಳಲ್ಲಿ ಬೇರೂರಿದ ಪದ್ಧತಿ. ಸ್ನಾಯುಗಳು ಅಂಟಿಕೊಳ್ಳುವ ಜಾಗಗಳನ್ನು ಕೆಂಪು, ನೀಲಿ ಬಣ್ಣಗಳಲ್ಲಿ ಗುರುತಿಸಿದ ಒಂದೇ ತೊಡೆಮೂಳೆ ಹಲವು ತಂಡಗಳ ಕೈದಾಟಿ ನುಣುಪಾಗಿರುತ್ತಿತ್ತು.

ಉಳಿತಾಯದ ಚರಿತ್ರೆಯಲ್ಲಿ ದಕ್ಷಿಣ ಕನ್ನಡದ ಅಧ್ಯಾಯ ಬೇರೆಯೇ ಬಗೆಯದು. ಮದರಾಸಿನಲ್ಲಿ ವೈದ್ಯಕೀಯ ಓದಿ ಬಂದ ಡಾ. ಟಿ.ಎಂ.ಎ. ಪೈ ಅವರು 1925ರಲ್ಲಿ ಉಡುಪಿಯಲ್ಲಿ ಇತರ ಇಬ್ಬರೊಡನೆ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು: ಬ್ಯಾಂಕಿನ ಏಜೆಂಟನು ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಲೆಕ್ಕಕ್ಕೆ ಸೇರಿಸಿಕೊಳ್ಳುವ ಕ್ರಮವದು. ದಿನಕ್ಕೆ ಎರಡಾಣೆಯಂತೆ ಕೂಡಿಟ್ಟರೆ ವರ್ಷಕ್ಕೆ ಸುಮಾರು 45 ರೂಪಾಯಿ ಆಗುತ್ತಿತ್ತು. ಅದೇ ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಸರ್ಕಾರದ ಬೊಕ್ಕಸವನ್ನು ನೆಚ್ಚದೆ, ಓದುವವರು ಕೊಟ್ಟ ಹಣದಿಂದಲೇ ಕಾಲೇಜನ್ನು ನಡೆಸುವ ಮಾದರಿ ಅಲ್ಲಿಂದ ಬೆಳೆಯಿತು.

ಆ ಮಾದರಿ ನಾಡಿನ ಉದ್ದಗಲಕ್ಕೆ ಹರಡಿದಂತೆ ಕ್ಯಾಪಿಟೇಶನ್, ಎಂದರೆ ಸೀಟಿಗಾಗಿ ಶುಲ್ಕದ ಮೇಲೆ ಕೊಡಬೇಕಾದ ಇಡುಗಂಟು, ರೂಢಿಗೆ ಬಂದು, 1984ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ಮಾಡಬೇಕಾಯಿತು. 1989ರ ಸರ್ಕಾರಿ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಬೋಧನಾ ಶುಲ್ಕವನ್ನು ಸರ್ಕಾರಿ ಸೀಟಿಗೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿಗಳಿಗೆ ಮಿತಿಗೊಳಿಸಿತು. ಈ ಮೇಲ್ಮಿತಿಯೇ ಕ್ಯಾಪಿಟೇಶನ್ನಿನ ಇನ್ನೊಂದು ರೂಪವೆಂದು 1992ರ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಅರ್ಧದಷ್ಟು ಸೀಟುಗಳನ್ನು ಕಡಿಮೆ ಶುಲ್ಕದಲ್ಲಿ ಕೊಡಬೇಕೆಂದಿತು. ಆ ಯೋಜನೆಯನ್ನು 2002ರಲ್ಲಿ ತಳ್ಳಿಹಾಕಿದ ತೀರ್ಪು ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರಿನಲ್ಲಿಯೇ ಇದೆ. ಶುಲ್ಕ ಈ ಮಟ್ಟಕ್ಕೆ ಏರಿದ ಮೇಲೆ ವಿದ್ಯಾರ್ಥಿಯ ಸ್ವಂತ ಮಿತವ್ಯಯಕ್ಕೆ ಮೊದಲಿನ ಬೆಲೆ ಉಳಿಯಲಿಲ್ಲ, ಏಕೆಂದರೆ ಊಟದಲ್ಲಿ, ಪುಸ್ತಕದಲ್ಲಿ ಎಷ್ಟೇ ಉಳಿಸಿದರೂ ಆ ಮೊತ್ತದ ಒಂದಂಶವೂ ತುಂಬುವಂತಿರಲಿಲ್ಲ.

ನ್ಯಾಯಾಲಯದ ತೀರ್ಪುಗಳು ಅಚ್ಚಾಗಿ ಉಳಿದಿವೆ. ಅನ್ನ ಕೊಟ್ಟವರ ಲೆಕ್ಕ ಹಾಗೆ ಉಳಿಯುವ ಭರವಸೆಯಿಲ್ಲ. ಹಳೆಯ ವಿದ್ಯಾರ್ಥಿನಿಲಯಗಳ ಉಗ್ರಾಣದ ಲೆಕ್ಕದ ಪುಸ್ತಕಗಳು, ದವಸ ಕೊಟ್ಟವರ ಪಟ್ಟಿಗಳು, ಹಾಜರಿ ವಹಿಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿನ ಸಂಘ ಮಠಗಳು ಅವನ್ನು ರದ್ದಿಗೆ ಹಾಕದೆ ಸಂಶೋಧಕರಿಗೆ ತೆರೆದಿಡಬೇಕು.