ಎಕ್ಸ್‌ಪೋಷರ್ ಹೊಂದಾಣಿಕೆಯ ಇತಿಹಾಸ

ಛಾಯಾಗ್ರಹಣದಲ್ಲಿ ಎಕ್ಸ್‌ಪೋಷರ್ ಎಂದರೆ ಫಿಲ್ಮ್ ಅಥವಾ ಸೆನ್ಸರ್ ಮೇಲೆ ಬಿಡುವ ಬೆಳಕಿನ ಪ್ರಮಾಣ. ಮ್ಯಾನ್ಯುಯಲ್ ವಿಧಾನದಲ್ಲಿ ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಶಟರ್ ವೇಗ (ಬೆಳಕು ಬಿಡುವ ಅವಧಿ), ಐಎಸ್‌ಒ (ಸಂವೇದನೆಯ ಮಾನ) ಮೂರನ್ನೂ ಛಾಯಾಗ್ರಾಹಕನೇ ಸರಿದೂಗಿಸಬೇಕು. ಈ ಮೂರೂ ಒಟ್ಟಿಗೆ ಹುಟ್ಟಿದವಲ್ಲ. ಒಂದೇ ಅಳತೆಗೆ ಒಗ್ಗಲು ಬಹುಕಾಲ ಹಿಡಿಯಿತು.

ಫ್ರಾನ್ಸಿನ ನಿಯೆಪ್ಸ್ 1826–27ರ ಸುಮಾರಿಗೆ ಕಿಟಕಿಯಿಂದ ತೆಗೆದ ಚಿತ್ರಕ್ಕೆ ಕಡಿಮೆಯೆಂದರೂ ಎಂಟು ಗಂಟೆ ಬೇಕಾಯಿತು. ಅಷ್ಟರಲ್ಲಿ ಸೂರ್ಯ ಸರಿದು, ಕಟ್ಟಡಗಳ ಎರಡೂ ಬದಿಗೆ ಬಿಸಿಲು ಬಿದ್ದಂತಿದೆ. 1838ರಲ್ಲಿ ದಾಗೇರ್ ಪ್ಯಾರಿಸ್ಸಿನ ಬೀದಿಯನ್ನು ಸೆರೆಹಿಡಿಯುವ ವೇಳೆಗೆ ಗಂಟೆಗಳು ನಿಮಿಷಗಳಾಗಿದ್ದವು. ಆದರೂ ಓಡಾಡುವ ಗಾಡಿಗಳೆಲ್ಲ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನು ಮಾತ್ರ ಉಳಿದ. ಆಗ ಶಟರ್ ಬೇಕಿರಲಿಲ್ಲ: ಲೆನ್ಸಿನ ಮುಚ್ಚಳ ತೆಗೆದು, ಎಣಿಸಿ, ಮುಚ್ಚಿದರಾಯಿತು. ಅಪರ್ಚರ್ ಬದಲಿಸಲು 1858ರಿಂದ ವಾಟರ್‌ಹೌಸ್ ಪದ್ಧತಿಯ ತೂತಿನ ತಗಡುಗಳನ್ನು ಲೆನ್ಸಿನ ಸೀಳಿನೊಳಗೆ ತೂರಿಸುತ್ತಿದ್ದರು. 1871ರಲ್ಲಿ ಮ್ಯಾಡಕ್ಸ್ ಪ್ರಕಟಿಸಿದ ಜೆಲಟಿನ್ ಒಣ ಫಲಕ ಸುಧಾರಿಸುತ್ತ ಹೋದಂತೆ ಸೆಕೆಂಡಿನ ಒಂದು ಭಾಗವೇ ಸಾಕಾಯಿತು. ಕೈಗೆ ಆ ಚುರುಕಿಲ್ಲ. ಯಂತ್ರದ ಶಟರ್ ಬಂತು.

ಫಲಕದ ಸಂವೇದನೆಯನ್ನು ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ವಿಡ್ನೆಸ್‌ನಲ್ಲಿ ರಾಸಾಯನಿಕ ಉದ್ಯಮದಲ್ಲಿದ್ದ ಹರ್ಟರ್ ಮತ್ತು ಡ್ರಿಫೀಲ್ಡ್. ಫಲಕ ಕಪ್ಪಾಗುವ ಮಟ್ಟ ನಡು ವ್ಯಾಪ್ತಿಯಲ್ಲಿ ಬೆಳಕಿನ ಲಾಗರಿದಮ್ಮಿಗೆ ತಕ್ಕಂತೆ ಏರುತ್ತದೆಂದು ಅವರು 1890ರಲ್ಲಿ ತೋರಿಸಿದರು. ಅಂದರೆ ಬೆಳಕು ಇಮ್ಮಡಿಯಾದಾಗಲೆಲ್ಲ ಒಂದು ಸಮ ಮೆಟ್ಟಿಲು. ಇಂದಿನ ‘ಸ್ಟಾಪ್’ ಲೆಕ್ಕವೂ ಇಮ್ಮಡಿಯದೇ: ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಅಪರ್ಚರ್ ಕಿರಿದು. ಎಫ್ 8ರಲ್ಲಿ 1/125 ಸೆಕೆಂಡ್ ಬಿಡುವ ಬೆಳಕು, ಎಫ್ 11ರಲ್ಲಿ 1/60 ಬಿಡುವುದಕ್ಕೆ ಸರಿಸಮ. ಬೆಳಕು ಅಷ್ಟೇ, ಚಿತ್ರ ಬೇರೆ: ಎರಡನೆಯದರಲ್ಲಿ ಹಿಂದುಮುಂದಿನ ವಸ್ತುಗಳು ಹೆಚ್ಚು ಸ್ಫುಟ, ಓಡುವ ಮಗು ಮಾತ್ರ ಇನ್ನಷ್ಟು ಮಸುಕು. ಮಂದ ಬೆಳಕಿಗೆ ಬಹಳ ಹೊತ್ತು ಒಡ್ಡಿದ ಫಲಕದಲ್ಲಿ ಅಪರ್ಚರ್ ಮತ್ತು ಸಮಯದ ಈ ವಿನಿಮಯ ಕೆಡುತ್ತದೆ. ನಕ್ಷತ್ರಗಳ ಚಿತ್ರಗಳಿಂದ ಅದನ್ನು ಸೂತ್ರಕ್ಕೆ ತಂದವರು ಖಗೋಳವಿಜ್ಞಾನಿ ಶ್ವಾರ್ಜ್‌ಷಿಲ್ಡ್.

1932ರಲ್ಲಿ ವೆಸ್ಟನ್ ಸಂಸ್ಥೆಯ, ಬೆಳಕು ಅಳೆಯುವ ಸೆಲೀನಿಯಂ ಮೀಟರ್ ಬಂದಾಗ ಊಹೆಯ ಕೆಲಸ ತಗ್ಗಿತು, ವಿವೇಚನೆಯದು ತಗ್ಗಲಿಲ್ಲ. ಮೀಟರಿಗೆ ಎದುರಿನದೆಲ್ಲ ನಡು ಬೂದುಬಣ್ಣ. ಅದನ್ನೇ ನಂಬಿದರೆ ಹಿಮವೂ ಬೂದುಬಣ್ಣವಾಗುತ್ತದೆ. ಇದಕ್ಕೆ ಉತ್ತರವಾಗಿ ಅಮೆರಿಕದ ಆನ್ಸೆಲ್ ಆ್ಯಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಹೊತ್ತಿಗೆ, ದೃಶ್ಯದ ಯಾವ ಭಾಗ ಚಿತ್ರದಲ್ಲಿ ಎಷ್ಟು ಗಾಢವಾಗಿರಬೇಕೆಂದು ಛಾಯಾಗ್ರಾಹಕನೇ ಮೊದಲೇ ನಿರ್ಧರಿಸುವ ಝೋನ್ ಪದ್ಧತಿ ರೂಪಿಸಿದರು. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್‌ನಲ್ಲಿ ಚಂದ್ರೋದಯ ಕಂಡಾಗ ಆ್ಯಡಮ್ಸ್‌ಗೆ ಮೀಟರ್ ಕೈಗೆ ಸಿಗಲಿಲ್ಲ. ನೆನಪಿನಲ್ಲಿದ್ದ ಚಂದ್ರನ ಪ್ರಖರತೆಯಿಂದಲೇ ಲೆಕ್ಕ ಹಾಕಿ ತೆಗೆದ ಆ ಒಂದು ನೆಗೆಟಿವ್ ಅವರ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದಾಯಿತು.

ಫಿಲ್ಮಿನ ಸಂವೇದನೆಯನ್ನು ಸೂಚಿಸುತ್ತಿದ್ದ ಅಮೆರಿಕದ ಎಎಸ್‌ಎ, ಜರ್ಮನಿಯ ಡಿಐಎನ್ ಮಾನಗಳು 1974ರಲ್ಲಿ ಐಎಸ್‌ಒ ಹೆಸರಿನಲ್ಲಿ ಒಂದಾದವು. ಫಿಲ್ಮ್ ರೋಲ್ ಹಾಕಿದ ಮೇಲೆ ಮುಗಿಯುವವರೆಗೆ ಅದರ ಸಂಖ್ಯೆಗೇ ಕಟ್ಟುಬೀಳಬೇಕಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಬದಲಿಸಬಹುದು. ಅಲ್ಲಿ ಐಎಸ್‌ಒ ಏರಿಸಿದರೆ ಸಂಕೇತ ವರ್ಧಿಸುತ್ತದೆಯೇ ಹೊರತು ಹೆಚ್ಚು ಬೆಳಕು ಒಳಬರುವುದಿಲ್ಲ. ಹಾಗಾಗಿ ಅದನ್ನು ಎಕ್ಸ್‌ಪೋಷರಿನ ಅಂಗವೆಂದು ಕರೆಯಲು ಕೆಲವರು ಒಪ್ಪುವುದಿಲ್ಲ.