ಹುಬ್ಬಳ್ಳಿಯು ಭದ್ರಾವತಿಗೆ ಪರದೇಶವಾಗಿದ್ದ ಕಾಲ

ಭದ್ರಾವತಿಯ ಜನ್ನಾಪುರದವರಿಗೆ ಕಬ್ಬಿಣದ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ಸಮಾನವಾಗಿ ಪರಿಚಿತವಾದುವೇ. ಆದರೆ ಕಾನೂನಿನ ದೃಷ್ಟಿಯಲ್ಲಿ ಅವುಗಳ ಜನ್ಮ ಒಂದೇ ಬಗೆಯದಲ್ಲ. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯು ಮೈಸೂರು ಸರ್ಕಾರದ ಸ್ವತ್ತಾಗಿದ್ದು 1962ರಲ್ಲಷ್ಟೇ ಕಂಪನಿಯ ರೂಪವನ್ನು ತಾಳಿತು. 1936ರಲ್ಲಿ ಸ್ಥಾಪಿತವಾದ ಮೈಸೂರು ಪೇಪರ್ ಮಿಲ್ಸಾದರೋ ಆದಿಯಿಂದಲೂ ಮೈಸೂರಿನ ಶಾಸನದಂತೆ ನೋಂದಾಯಿತವಾದ ಕಂಪನಿ.

ಭದ್ರಾವತಿಯಿದ್ದ ಮೈಸೂರು ಸಂಸ್ಥಾನವು ಅಂದು ಬ್ರಿಟಿಷ್ ಇಂಡಿಯಾದ ಹೊರಗಿದ್ದಿತು. ಬ್ರಿಟಿಷ್ ಇಂಡಿಯಾದ 1913ರ ಕಂಪನಿ ಕಾಯಿದೆಯ 277ನೆಯ ಕಲಮಿನಂತೆ, ಅದರ ಎಲ್ಲೆಯಾಚೆ ಹುಟ್ಟಿದ ಕಂಪನಿಯು, ಅದು ಲಂಡನ್ನಿನದಾಗಲಿ ಭದ್ರಾವತಿಯದಾಗಲಿ, ಎಲ್ಲೆಯೊಳಗೆ ವ್ಯವಹಾರಸ್ಥಾನವೊಂದನ್ನು ತೆರೆದರೆ, ಒಂದು ತಿಂಗಳೊಳಗಾಗಿ ಆ ಪ್ರಾಂತದ ರಿಜಿಸ್ಟ್ರಾರರಲ್ಲಿ ತನ್ನ ಸ್ಥಾಪನಾಪತ್ರದ ದೃಢೀಕೃತ ಪ್ರತಿಯನ್ನೂ, ಪ್ರಧಾನ ಕಚೇರಿಯ ವಿಳಾಸವನ್ನೂ, ನಿರ್ದೇಶಕರ ಪಟ್ಟಿಯನ್ನೂ, ತನ್ನ ಪರವಾಗಿ ನೋಟೀಸುಗಳನ್ನು ಸ್ವೀಕರಿಸತಕ್ಕ, ಬ್ರಿಟಿಷ್ ಇಂಡಿಯಾದಲ್ಲಿಯೇ ವಾಸಿಸುವ ಒಬ್ಬ ವ್ಯಕ್ತಿಯ ಹೆಸರನ್ನೂ ದಾಖಲಿಸಬೇಕಾಗಿದ್ದಿತು. ಇಂಗ್ಲಿಷಿನಲ್ಲಿಲ್ಲದ ಪತ್ರಕ್ಕೆ ಭಾಷಾಂತರವೂ ಜೊತೆಗಿರಬೇಕು. ಭದ್ರಾವತಿಯ ಕಂಪನಿಯೊಂದು ಮುಂಬಯಿ ಪ್ರಾಂತದ ಹುಬ್ಬಳ್ಳಿಯಲ್ಲಿಯೋ ಮದರಾಸು ಪ್ರಾಂತದ ಮಂಗಳೂರಿನಲ್ಲಿಯೋ ಶಾಖೆ ತೆರೆಯಬಯಸಿದರೆ, ಕೊಳ್ಳುವವರೂ ಮಾರುವವರೂ ಕನ್ನಡಿಗರೇ ಆಗಿದ್ದರೂ, ಕಾನೂನು ಅದನ್ನು ಹೊರದೇಶದ್ದೆಂದೇ ಎಣಿಸುತ್ತಿದ್ದಿತು. ಕನ್ನಡ ನಾಡಿನ ಈ ವಿಭಜನೆಯ ಕಷ್ಟವನ್ನು ಸಾಹಿತಿಗಳು ಬಹಳವಾಗಿ ಹೇಳಿದ್ದಾರೆ. ವರ್ತಕರ ದಫ್ತರಗಳಲ್ಲಿ ಅದು ಪಡೆದ ರೂಪವನ್ನು ಯಾರಾದರೂ ಬರೆಯಬೇಕು.

ಹಾಗೆಂದು ನಿಯಮವನ್ನು ನಾನು ದೂಷಿಸಲಾರೆ. 1880ರಲ್ಲಿ ಲಂಡನ್ನಿನಲ್ಲಿ ನೋಂದಾಯಿತವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯು ಕೋಲಾರದ ಚಿನ್ನವನ್ನು ತೆಗೆಯುತ್ತಿದ್ದಾಗ ಅದರ ಒಡೆಯರು ಸಮುದ್ರದಾಚೆಗಿದ್ದರೆಂಬುದನ್ನು ನೆನೆದರೆ, ದೂರದ ಕಂಪನಿಯೊಡನೆ ವ್ಯವಹರಿಸುವ ಬಡ ಸಾಲಿಗನಿಗೆ ತನ್ನೂರಿನ ನ್ಯಾಯಾಲಯಕ್ಕೆ ಕರೆಯಬಲ್ಲ ಒಬ್ಬ ಉತ್ತರವಾದಿಯಿರಬೇಕಾದುದು ಎಷ್ಟು ಅವಶ್ಯವೆಂಬುದು ತಾನೇ ವಿದಿತವಾಗುತ್ತದೆ. ಆ ಪತ್ರಗಳೆಲ್ಲವುಗಳಲ್ಲಿ ಆ ಒಂದು ಹೆಸರೇ ಮುಖ್ಯವಾದುದು. ಕನ್ನಡಿಗರ ನಡುವೆಯೇ ಅದನ್ನು ಕೇಳುವಂತೆ ಮಾಡಿದ ಗಡಿಯು ಮಾತ್ರ ಅಸಹಜವಾದುದಾಗಿದ್ದಿತು.

1951ರ ಏಪ್ರಿಲ್ 1ರಿಂದ ಭಾರತದ ಕಂಪನಿ ಕಾಯಿದೆಯು ಮೈಸೂರಿಗೂ ವಿಸ್ತರಿಸಲ್ಪಟ್ಟು ಈ ಪರಕೀಯತೆ ಕಳೆಯಿತು. 1956ರ ನವೆಂಬರ್ 1ರಂದು ಹುಬ್ಬಳ್ಳಿ, ಮಂಗಳೂರು, ಭದ್ರಾವತಿಗಳು ಒಂದೇ ರಾಜ್ಯಕ್ಕೆ ಸೇರಿದುವು. ನಿಯಮವಾದರೋ ಉಳಿದಿದೆ: ಇಂದು ಜಪಾನಿನ ಕಂಪನಿಯೊಂದು ಬೆಂಗಳೂರಿನಲ್ಲಿ ಕಚೇರಿ ತೆರೆದರೆ, 2013ರ ಕಾಯಿದೆಯ 380ನೆಯ ಕಲಮಿನಂತೆ 30 ದಿನಗಳೊಳಗೆ ಬಹುಮಟ್ಟಿಗೆ ಇವೇ ಪತ್ರಗಳನ್ನು ರಿಜಿಸ್ಟ್ರಾರರಲ್ಲಿ ಸಲ್ಲಿಸಬೇಕು.