ಬೀದರ್ ಕೋಟೆಯ ತಖ್ತ್ ಮಹಲ್: ಪರ್ಷಿಯಾದ ಸಿಂಹ-ಸೂರ್ಯ ಇಲ್ಲಿಗೆ ಬಂದದ್ದು ಹೇಗೆ?

1979ರ ಕ್ರಾಂತಿಯವರೆಗೆ ಇರಾನ್ ಧ್ವಜದ ಮೇಲೆ ಒಂದು ಸಿಂಹ, ಅದರ ಬೆನ್ನ ಹಿಂದೆ ಉದಯಿಸುವ ಸೂರ್ಯನ ಚಿತ್ರ ಇರುತ್ತಿತ್ತು. ಅದೇ ಬಗೆಯ ಚಿತ್ರ ಬೀದರ್ ಕೋಟೆಯ ಒಂದು ಅರಮನೆಯ ಕಮಾನಿನ ಮೇಲೂ ಇದೆ. ಬಣ್ಣದ ಟೈಲ್ಸ್ ಬಹುತೇಕ ಉದುರಿಹೋಗಿದ್ದು, ನಿಂತು ನೋಡಿದರಷ್ಟೇ ಕಣ್ಣಿಗೆ ಬೀಳುತ್ತದೆ. ಪ್ರಾಣಿ ಸಿಂಹವಲ್ಲ, ಹುಲಿ ಎನ್ನುವವರೂ ಇದ್ದಾರೆ. ಇದೇ ತಖ್ತ್ ಮಹಲ್, ಅಂದರೆ ಸಿಂಹಾಸನದ ಅರಮನೆ.

ಇದನ್ನು ಕಟ್ಟಿಸಿದವನು ಬಹಮನಿ ಸುಲ್ತಾನ ಒಂದನೇ ಅಹ್ಮದ್ ಷಾ (ಆಳ್ವಿಕೆ 1422-1436). ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದವನೂ ಈತನೇ. ಪರ್ಷಿಯಾದ ಸೂಫಿ ಸಂತ ಷಾ ನಿಯಾಮತುಲ್ಲಾ ವಲಿಯ ಮೇಲೆ ಇವನಿಗೆ ಅಪಾರ ಭಕ್ತಿ. ಸಂತ ಬರಲಿಲ್ಲ, ಅವರ ಮೊಮ್ಮಗ ಬಂದ. ಸಂತ 1431ರಲ್ಲಿ ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಕೂಡ ಬೀದರ್‌ಗೆ ಬಂದ. ಇರಾನಿನ ಮಾಹಾನ್‌ನಲ್ಲಿರುವ ಸಂತನ ಸಮಾಧಿಯನ್ನು ಕಟ್ಟಿಸಿದ್ದೂ ಇದೇ ಅಹ್ಮದ್ ಷಾ. ಹೀಗೆ ಪರ್ಷಿಯಾದ ಕುಶಲಕರ್ಮಿಗಳು, ಕವಿಗಳು ಇತ್ತ ಬಂದರೆ, ಬೀದರ್‌ನ ಹಣ ಅತ್ತ ಹೋಯಿತು.

ಅರಮನೆಯ ರಚನೆ ಸರಳ, ಆದರೆ ಗಾತ್ರ ದೊಡ್ಡದು. ಎರಡು ಪಕ್ಕಗಳಲ್ಲಿ ಎತ್ತರದ ಕಮಾನುಗಳ ಮಂಟಪಗಳು, ನಡುವೆ ದರ್ಬಾರ್ ನಡೆಯುತ್ತಿದ್ದ ವಿಶಾಲ ಅಂಗಳ, ಹಿಂಬದಿಗೆ ಸುಲ್ತಾನನ ಕೊಠಡಿ. ಕಮಾನುಗಳ ಅಂಚಿಗೆ ನುಣುಪಾದ ಕರಿಗಲ್ಲು, ಗೋಡೆಗಳಿಗೆ ನೀಲಿ, ಹಳದಿ, ಬಿಳಿ ಬಣ್ಣದ ಟೈಲ್ಸ್. ಖುರಾಸಾನ್‌ನ ಕವಿ ಆಜರಿ ಈ ಅರಮನೆಯನ್ನು ಹೊಗಳಿ ಪದ್ಯ ಬರೆದ, ಅದನ್ನು ದ್ವಾರದ ಮೇಲೆ ಕೆತ್ತಿಸಲಾಯಿತು, ಮೆಚ್ಚಿದ ಸುಲ್ತಾನ ಭಾರಿ ಬಹುಮಾನ ಕೊಟ್ಟ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ.

ಸಿಂಹ-ಸೂರ್ಯದ ಮೂಲ ಎಲ್ಲಿಯದು? ಈಗಿನ ಉಜ್ಬೇಕಿಸ್ತಾನದ ಶಹ್ರಿಸಬ್ಜ್‌ನಲ್ಲಿ ತೈಮೂರ್ 1380ರಲ್ಲಿ ಆಕ್ ಸರಾಯ್ ಎಂಬ ಅರಮನೆ ಕಟ್ಟಿಸಲು ಆರಂಭಿಸಿದ. 1404ರಲ್ಲಿ ಅಲ್ಲಿಗೆ ಹೋಗಿದ್ದ ಸ್ಪೇನ್ ರಾಯಭಾರಿ ಕ್ಲಾವಿಖೋ, ಬಾಗಿಲ ಮೇಲೆ ಸಿಂಹ ಮತ್ತು ಸೂರ್ಯನ ಚಿತ್ರ ನೋಡಿದ್ದಾಗಿ ದಾಖಲಿಸಿದ್ದಾನೆ. ಅದಾಗಿ ಕೆಲವೇ ದಶಕಗಳಲ್ಲಿ ಬೀದರ್‌ನಲ್ಲಿ ಅದೇ ಚಿಹ್ನೆ! ದೆಹಲಿಯನ್ನು ಧೂಳೀಪಟ ಮಾಡಿದ್ದ ತೈಮೂರನ ವೈಭವಕ್ಕೆ ತಾನೂ ಸರಿಸಮ ಎಂದು ಬಹಮನಿ ದೊರೆ ಸಾರಿದಂತಿದೆ. ಇರಾನಿನ ಸಫಾವಿ ರಾಜವಂಶ ಅಧಿಕಾರಕ್ಕೆ ಬಂದದ್ದು 1501ರಲ್ಲಿ, ಅಂದರೆ ಬೀದರ್‌ನ ಚಿತ್ರ ಅದಕ್ಕಿಂತ ಹಳೆಯದು.

ಪರ್ಷಿಯನ್ನರ ಈ ಪ್ರಾಬಲ್ಯ ಸ್ಥಳೀಯ ದಖನಿ ಸರದಾರರಿಗೆ ಹಿಡಿಸಲಿಲ್ಲ. ಎರಡು ಬಣಗಳ ಕಿತ್ತಾಟ ಬೆಳೆದು, 1472ರಲ್ಲಿ ಬೀದರ್‌ನ ಪ್ರಸಿದ್ಧ ಮದರಸಾ ಕಟ್ಟಿಸಿದ ಗಿಲಾನ್ ಮೂಲದ ಮಂತ್ರಿ ಮಹಮೂದ್ ಗವಾನ್ 1481ರಲ್ಲಿ ತಲೆದಂಡ ತೆರಬೇಕಾಯಿತು. ಬಹಮನಿ ರಾಜ್ಯ ಆಮೇಲೆ ಚೇತರಿಸಿಕೊಳ್ಳಲಿಲ್ಲ.

ತಖ್ತ್ ಮಹಲ್‌ಗೆ ಈಗ ಛಾವಣಿಯಿಲ್ಲ. ಟೈಲ್ಸ್ ಚೂರುಗಳು ಅಲ್ಲಲ್ಲಿ ಮಾತ್ರ ಅಂಟಿಕೊಂಡಿವೆ. ಆಗಿನ ಬಣ್ಣಗಳ ಅಂದಾಜು ಸಿಗಬೇಕಾದರೆ ಅಷ್ಟೂರಿನಲ್ಲಿರುವ ಅಹ್ಮದ್ ಷಾನ ಗೋರಿಯೊಳಗಿನ ಚಿತ್ತಾರ ನೋಡಬೇಕು. ಕೋಟೆಯೊಳಗೇ ಇರುವ ರಂಗೀನ್ ಮಹಲ್ ಇನ್ನೂ ಚೆನ್ನಾಗಿ ಉಳಿದಿದೆ. ಅಲಿ ಬರೀದ್ ಷಾ (1542-1580) ಅದಕ್ಕೆ ಈಗಿನ ರೂಪ ಕೊಟ್ಟ. ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಮತ್ತು ಕೆತ್ತನೆಯ ಮರದ ಕಂಬಗಳು ಅಲ್ಲಿವೆ. ಕಂಬಗಳ ಕೆತ್ತನೆ ಮಾತ್ರ ಅಪ್ಪಟ ದೇಸಿ.

ಕಲಬುರಗಿ, ವಿಜಯಪುರ, ಗೋಲ್ಕೊಂಡ ಜೊತೆಗೆ ಬೀದರ್ 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಮಲಾಡ್, ಬೊರಿವಲಿ ಕಡೆಯ ಕನ್ನಡಿಗರಿಗೆ ಮುಂಬೈನಿಂದ ಬೀದರ್‌ಗೆ ನೇರ ರೈಲಿದೆ. ಮಹಲ್‌ಗಳಿಗೆ ಬೀಗ ಹಾಕಿರುವುದುಂಟು. ಒಳಗೆ ನೋಡಬೇಕೆಂದಿದ್ದರೆ ಮೊದಲೇ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿಚಾರಿಸಿಕೊಳ್ಳಿ.